ಕುಳಿತುಕೊಳ್ಳುವ ಕಾನೂನು

“ಆ ದೀಪ ಸ್ವಲ್ಪ ಆಚೆ ಇಡಿ, ಫೋಟೋದಲ್ಲಿ ಅಡ್ಡ ಬರ್ತದೆ,” ಎನ್ನುತ್ತಲೇ ಫೋಟೋದವನು ಬಗ್ಗಿ, ಶವದ ತಲೆಯ ಬಳಿ ಉರಿಯುತ್ತಿದ್ದ ಎಣ್ಣೆದೀಪವನ್ನು ಗೋಡೆಯ ಬದಿಗೆ ಸರಿಸಿದ.

ತೃಪ್ತಿ ಅದನ್ನು ಎತ್ತಿ ತಂದು ಇದ್ದ ಜಾಗದಲ್ಲೇ ಇಟ್ಟಳು. ಈ ಮನುಷ್ಯ ಯಾರು, ಇವನನ್ನು ಕರೆಸಿದ್ದು ಯಾರು ಎಂದು ಕೇಳುವ ಅಗತ್ಯ ಇರಲಿಲ್ಲ. ಅವಳ ತಮ್ಮ ಕೌಶಲ್ ಶಾಮಿಯಾನದ ಆ ತುದಿಯಲ್ಲಿ ಫೋನಿಗೆ ಕಿವಿ ಕೊಟ್ಟು ನಿಂತಿದ್ದ. ಗರಿಗರಿ ಬಿಳಿ ಅಂಗಿ. ತಾಯಿ ಚಂಪಾ ಸತ್ತದ್ದು ನಿನ್ನೆ ಸಂಜೆ. ಅಷ್ಟರೊಳಗೆ ಅಂಗಿಗೆ ಇಸ್ತ್ರಿ ಹಾಕಿಸಿಕೊಳ್ಳಲು ಇವನಿಗೆ ಪುರುಸೊತ್ತು ಎಲ್ಲಿ ಸಿಕ್ಕಿತೋ ದೇವರೇ ಬಲ್ಲ.

ಕೊಡಿಯಾಲ್‌ಬೈಲಿನ ಓಣಿಯೊಳಗಿನ ಆ ಮನೆ ಚಿಕ್ಕದು. ಹಾಗಾಗಿ ಚಂಪಾಳನ್ನು ಅಂಗಳದಲ್ಲೇ ಬಾಳೆಲೆಯ ಮೇಲೆ ಮಲಗಿಸಿದ್ದರು. ಪ್ರಾಯವಿಡೀ ಬಟ್ಟೆ ಅಂಗಡಿಯಲ್ಲಿ ನಿಂತು ಕಂಡವರಿಗೆ ಸೀರೆ ಬಿಡಿಸಿ ತೋರಿಸಿದವಳು. ನಿನ್ನೆ ಹಾಲಿನ ತೊಟ್ಟೆ ತರಲು ಹೋಗಿ ಬಂದು, ಮೆಟ್ಟಿಲಲ್ಲಿ ಒಂದು ಗಳಿಗೆ ಕುಳಿತಳು, ಮತ್ತೆ ಏಳಲಿಲ್ಲ. ಹೃದಯ ನಿಂತಿತ್ತು. ಅಂತೂ ಕೊನೆಗೆ ಕುಳಿತಳಲ್ಲ ಎಂದು ಪಕ್ಕದ ಮನೆಯವರೊಬ್ಬರು ಬೆಳಿಗ್ಗೆ ಹೇಳಿ ನಕ್ಕದ್ದು ತೃಪ್ತಿಯ ಕಿವಿಗೆ ಬಿದ್ದಿತ್ತು. ಹೆಣದ ಮನೆಯಲ್ಲೂ ನಾಲಿಗೆಯ ತುರಿಕೆ ತಡೆಯಲಾಗದ ಜನ.

ಅದೂ ಹೋಗಲಿ. ತೃಪ್ತಿಯ ಚಿಂತೆ ಬೇರೆಯೇ ಇತ್ತು. ಸೋಮವಾರ ಬೆಂಗಳೂರಿನಲ್ಲಿ, ವಿಧಾನಸಭೆಯ ಅರ್ಜಿ ಸಮಿತಿಯ ಎದುರು, ಚಂಪಾ ಕಟ್ಟಿದ ‘ಆಸರೆ’ ಟ್ರಸ್ಟಿನ ಮನವಿ ವಿಚಾರಣೆಗೆ ಬರುವುದಿತ್ತು. ಅಂಗಡಿಗಳಲ್ಲಿ ದುಡಿಯುವವರಿಗೆ ಗಿರಾಕಿ ಇಲ್ಲದ ಹೊತ್ತಿನಲ್ಲಿ ಕುಳಿತುಕೊಳ್ಳಲು ಒಂದು ಸ್ಟೂಲು ಕೊಡಲೇಬೇಕು, ಅದನ್ನು ಕಾನೂನು ಮಾಡಿ. ಕೇಳಿದ್ದು ಇಷ್ಟೇ. ಸಮಿತಿಯಲ್ಲಿ ಎಲ್ಲ ಪಾರ್ಟಿಯ ಶಾಸಕರೂ ಇದ್ದರು, ಎಲ್ಲರ ಮನೆಯ ಬಾಗಿಲಿಗೂ ಚಂಪಾ ಹೋಗಿ ಬಂದಿದ್ದಳು. ಇವತ್ತು ಒಂದು ಪಾರ್ಟಿಯ ಬಾವುಟ ಅವಳ ಮೈಮೇಲೆ ಬಿದ್ದು, ಅದರ ಫೋಟೋ ಊರು ಸುತ್ತಿದರೆ, ಸೋಮವಾರ ಉಳಿದವರು ಅರ್ಜಿಯನ್ನು ಕೈಯಲ್ಲೂ ಮುಟ್ಟುವುದಿಲ್ಲ. ಮತ್ತು ಆ ಬಾವುಟ ಹೊತ್ತ ಕಾರು ಈಗಾಗಲೇ ಕೌಶಲ್ ಕರೆಸಿದ ಲೀಡರ್ ಮನೆಯಿಂದ ಹೊರಟಿತ್ತು.

ತೃಪ್ತಿಗೆ ಇದ್ದ ಆಸೆ ಒಂದೇ, ಮಾಮ ದುಗ್ಗಪ್ಪ. ಆ ಮನೆತನದಲ್ಲಿ ಸತ್ತವರಿಗೆ ನೆಂಟರು ಒಬ್ಬೊಬ್ಬರಾಗಿ ಬಿಳಿ ಬಟ್ಟೆ ಹೊದೆಸುತ್ತಾರೆ. ಹೆಂಗಸಾದರೆ ತವರಿನ ಬಟ್ಟೆ ಕೊನೆಯದು. ಅದು ಬಿದ್ದ ಮೇಲೆ ಮಹಾರಾಜ ಬಂದರೂ ಇನ್ನೊಂದು ನೂಲೆಳೆ ಬೀಳಬಾರದು. ಚಂಪಾಳ ಅಣ್ಣ ದುಗ್ಗಪ್ಪ ಬಟ್ಟೆ ಹಿಡಿದುಕೊಂಡು ಮೂಡುಬಿದಿರೆಯಿಂದ ಹೊರಟಿದ್ದರು. ಬೇಗ ಬನ್ನಿ, ಬಂದವರೇ ಹೊದೆಸಿಬಿಡಿ ಎಂದು ಅವಳು ಫೋನಿನಲ್ಲಿ ಬೇಡಿಕೊಂಡಿದ್ದಳು. ಅವರು ನಂತೂರಿನಲ್ಲಿ ಲಾರಿಗಳ ನಡುವೆ ಸಿಕ್ಕಿಬಿದ್ದಿದ್ದರು.

*

ಆ ಸ್ಟೂಲಿನ ಕತೆ ಶುರುವಾದದ್ದು ಬಲ್ಮಠದ ಬಟ್ಟೆ ಅಂಗಡಿಯಲ್ಲಿ. ಅಂಗಡಿ ಮಹಾಬಲ ಅವರದು. ಎರಡು ಹೋಟೆಲು ಬೇರೆ ಇತ್ತು. ಹಳೆಯ ಭೂಮಿಯ ಮನೆತನ, ಮಾತು ಮೆತ್ತಗೆ, ನಗು ಸದಾ ತಯಾರು. ಬಾಯಿ ಬೆಲ್ಲ, ಕರುಳು ಕತ್ತರಿ ಎನ್ನುತ್ತಾರಲ್ಲ, ಆ ಜಾತಿ. ಕೌಂಟರಿನ ಹಿಂದೆ ಹುಡುಗಿಯರು ಕುಳಿತುಕೊಂಡರೆ ಅಂಗಡಿಗೆ ಕಳೆ ಇಲ್ಲ ಎಂಬುದು ಅವರ ಸಿದ್ಧಾಂತ. ಹಾಗೆಂದು ಗದರುತ್ತಿರಲಿಲ್ಲ. ಎಂತ ಮಾರಾಯ್ತಿ, ಸುಸ್ತಾ, ಮನೆಗೆ ಹೋಗ್ತೀಯಾ ಎಂದು ಕೇಳುತ್ತಿದ್ದರು. ಆ ಪ್ರಶ್ನೆ ಕೇಳಿಸಿಕೊಂಡ ಹುಡುಗಿ ಮತ್ತೆ ಕುಳಿತದ್ದಿಲ್ಲ.

ನಿಂತು ನಿಂತು ಎಲ್ಲರ ಕಾಲಿನ ನರಗಳೂ ಉಬ್ಬಿದವು. ಚಂಪಾ ಮತ್ತು ಜೊತೆಗೆ ಕೆಲಸ ಮಾಡುತ್ತಿದ್ದ ಹೆಲನ್ ಸೇರಿ ಟ್ರಸ್ಟು ಮಾಡಿ, ಕಾಲಿಗೆ ಹಾಕುವ ಬಿಗಿ ಸಾಕ್ಸು ಹಂಚಲು ಶುರು ಮಾಡಿದಾಗ ಮಹಾಬಲರೇ ಗೌರವಾಧ್ಯಕ್ಷರಾದರು. ತಮ್ಮ ಅಂಗಡಿಯ ಹೆಸರು ಅಚ್ಚಾದ ಚೀಲದಲ್ಲಿ ಸಾಕ್ಸು ಹಾಕಿಸಿ, ಒಂದೊಂದು ಹುಡುಗಿಗೂ ಕೈಯಾರೆ ಕೊಟ್ಟು, ಪೇಪರಿನಲ್ಲಿ ಹಾಕಿಸಿಕೊಂಡರು. ಕಾಲು ಕೆಡಿಸಿದವರೂ ಅವರೇ, ಸಾಕ್ಸು ಕೊಟ್ಟ ಪುಣ್ಯವೂ ಅವರಿಗೇ. ಊರಿನವರು ಇದಕ್ಕೆ ಸೇವೆ ಎಂದು ಹೆಸರಿಟ್ಟರು.

ಸಾಕ್ಸಿನ ಬದಲು ಸ್ಟೂಲು ಕೊಟ್ಟರೆ ಆಗದಾ ಎಂದು ಚಂಪಾ ಒಂದು ದಿನ ಟ್ರಸ್ಟಿನ ಮೀಟಿಂಗಿನಲ್ಲಿ ಕೇಳಿದಳು. ನಮ್ಮ ಒಂದು ಅಂಗಡಿಯಲ್ಲಿ ಕೊಟ್ಟರೆ ಸಾಲದು, ಎಲ್ಲ ಅಂಗಡಿಗೂ ಸರಕಾರವೇ ಹೇಳಬೇಕು, ಕೇರಳದಲ್ಲಿ ಅಂಥ ಕಾನೂನು ಉಂಟಂತೆ ಎಂದಳು. ಗಡಿಯ ತಲಪಾಡಿ ಗೇಟಿನ ಆಚೆ ಕುಳಿತರೆ ಹಕ್ಕು, ಈಚೆ ಕುಳಿತರೆ ಸೋಮಾರಿತನ, ಇದು ಯಾವ ನ್ಯಾಯ ಎಂದೂ ಕೇಳಿದಳು. ಮಹಾಬಲರು ನಕ್ಕರು. ಟ್ರಸ್ಟು ಎಂದರೆ ದಾನಧರ್ಮ, ಕಾನೂನು ಕೇಳುವುದು ರಾಜಕೀಯ, ಹಾಗೆ ಮಾಡಿದರೆ ರಿಜಿಸ್ಟ್ರೇಷನ್ನೇ ಹೋಗುತ್ತದೆ, ಜೈಲಿಗೆ ಹಾಕಿದರೂ ಹಾಕಿಯಾರು ಎಂದು ಹೆದರಿಸಿದರು. ಮುಂದಿನ ಮೀಟಿಂಗಿಗೆ ಅವರು ಬರಲಿಲ್ಲ. ಸಾಕ್ಸೂ ಬರಲಿಲ್ಲ.

ಚಂಪಾ ಹೆದರಿದ್ದು ನಿಜ. ಹೆದರಿಕೊಂಡೇ ಟ್ರಸ್ಟಿನ ಲೆಕ್ಕ ನೋಡುವ ವಕೀಲ ಜೆರೋಮ್ ಅವರ ಆಫೀಸಿಗೆ ಹೋದಳು. ಜೆರೋಮ್ ಅವಳನ್ನು ಮೊದಲು ಕುಳಿತುಕೊಳ್ಳಲು ಹೇಳಿದರು.

“ಟ್ರಸ್ಟ್ ಅಂದ್ರೆ ಬಾಯಿ ಮುಚ್ಚಿಕೊಂಡು ಗಂಜಿ ಬಡಿಸುವುದು ಅಂತ ಯಾರು ಹೇಳಿದ್ದು ನಿಮ್ಗೆ? ನಿಮ್ಮ ಉದ್ದೇಶ ಈ ಹೆಂಗಸರ ಆರೋಗ್ಯ. ಅದಕ್ಕೆ ಬೇಕಾದ ಕಾನೂನು ಮಾಡಿ ಅಂತ ಸರಕಾರದ ಹತ್ರ ಧಾರಾಳ ಕೇಳ್ಬಹುದು. ಮಂತ್ರಿಗೆ ಮನವಿ ಕೊಡ್ಬಹುದು, ಶಾಸಕರ ಮನೆಗೆ ಹೋಗ್ಬಹುದು, ಸಮಿತಿಯ ಎದುರು ಸಾಕ್ಷಿ ಹೇಳ್ಬಹುದು. ಒಂದು ನೆನಪಿಟ್ಟುಕೊಳ್ಳಿ ಚಂಪಕ್ಕ. ಕಾನೂನು ಕೇಳ್ಲಿಕ್ಕೆ ಉಂಟು, ಯಾರಿಗೂ ವೋಟು ಕೇಳ್ಲಿಕ್ಕೆ ಇಲ್ಲ. ಪಾರ್ಟಿಯ ಸ್ಟೇಜ್ ಹತ್ತಿದ್ರೆ, ಟ್ರಸ್ಟಿನ ಒಂದು ಪೈಸೆ ಅವರ ಪ್ರಚಾರಕ್ಕೆ ಹೋದ್ರೆ, ಅಲ್ಲಿಗೆ ಮುಗೀತು.”

ಅವಳು ಆ ಮಾತನ್ನು ವ್ರತದ ಹಾಗೆ ಹಿಡಿದುಕೊಂಡಳು. ಕೆಲಸ ಬಿಡಿಸಿದರು, ಬಿಟ್ಟಳು. ಬಸ್ಸಿನಲ್ಲಿ, ನಡೆದುಕೊಂಡು, ಊದಿದ ಕಾಲಿಗೆ ಪಟ್ಟಿ ಬಿಗಿದುಕೊಂಡು, ಎಲ್ಲ ಪಾರ್ಟಿಯವರ ಗೇಟಿನಲ್ಲಿ ಕಾದಳು. ಚಾ ಕೊಟ್ಟರೆ ಕುಡಿದಳು. ಹೆಗಲಿಗೆ ಶಾಲು ಹಾಕಲು ಬಂದರೆ ಎರಡು ಹೆಜ್ಜೆ ಹಿಂದೆ ಸರಿದು ಕೈಮುಗಿದಳು. ಒಮ್ಮೆ ಚುನಾವಣೆಯ ಸಮಯದಲ್ಲಿ ಒಬ್ಬ ಲೀಡರ್ ಮನೆಗೇ ಬಂದು, ನಮ್ಮ ವೇದಿಕೆಯಲ್ಲಿ ಸುಮ್ಮನೆ ಕುಳಿತುಕೊಳ್ಳಿ ಸಾಕು, ಗೆದ್ದ ಮರುದಿನವೇ ನಿಮ್ಮ ಕಾನೂನು ಎಂದಿದ್ದರು. ಅವಳು ಆಗುವುದಿಲ್ಲ ಎಂದಳು. ಲೀಡರಿಗೆ ಸಿಟ್ಟು ಬಂತು. ಕೌಶಲ್‌ಗೆ ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಬಾಗಿಲಿಗೆ ಬಂದ ಲಕ್ಷ್ಮಿಯನ್ನು ಕಾಲಲ್ಲಿ ಒದ್ದೆ ಎಂದು ತಾಯಿಯ ಹತ್ತಿರ ಎಷ್ಟೋ ದಿನ ಮಾತು ಬಿಟ್ಟಿದ್ದ.

ಅವಳಿಂದ ಆಗದೆ ಉಳಿದದ್ದು ಒಂದೇ. ಅಂಗಡಿಯವರ ಸಂಘ ಸಮಿತಿಗೆ ಬರೆದು ಕೊಟ್ಟಿತ್ತು: ಯಾರ ಕಾಲಿಗೂ ಎಂತದೂ ಆಗಿಲ್ಲ, ಆಗಿದ್ದರೆ ತೋರಿಸಲಿ. ಚಂಪಾ ಹುಡುಗಿಯರನ್ನು ಕೇಳಿದಳು, ಬೇಡಿಕೊಂಡಳು. ಒಬ್ಬಳೂ ಕಾಲಿನ ಫೋಟೋಕ್ಕೆ ಒಪ್ಪಲಿಲ್ಲ. ಕೆಲಸ ಹೋಗುವ ಹೆದರಿಕೆ ಒಂದು, ನಾಚಿಕೆ ಇನ್ನೊಂದು. ಅವಳಾದರೂ ತನ್ನದನ್ನು ತೋರಿಸಿದಳೇ? ಅದೂ ಇಲ್ಲ. ಸ್ವಂತ ಮಗಳ ಎದುರೂ ಸೀರೆಯ ಅಂಚು ಪಾದದ ಗಂಟಿನಿಂದ ಮೇಲೆ ಹೋಗದ ಹಾಗೆ ನೋಡಿಕೊಂಡವಳು.

*

ಮಹಾಬಲರು ಬಂದು ಎದುರಿನ ಸಾಲಿನ ಕುರ್ಚಿಯಲ್ಲಿ, ಸರಿಯಾಗಿ ಶವದ ಕಾಲಿನ ಕಡೆ, ಕುಳಿತಿದ್ದರು. ಕರವಸ್ತ್ರದಿಂದ ಕಣ್ಣು ಒತ್ತಿಕೊಂಡು, ಚಂಪಾ ನಮ್ಮ ಮನೆಯವಳ ಹಾಗೆ ಇದ್ದಳು ಎಂದು ಅಕ್ಕಪಕ್ಕದವರಿಗೆ ಹೇಳುತ್ತಿದ್ದರು. ಮನೆಯವಳನ್ನು ಕೆಲಸದಿಂದ ಬಿಡಿಸುವ ಪದ್ಧತಿ ಎಲ್ಲಿಯದೋ, ಯಾರೂ ಕೇಳಲಿಲ್ಲ. ಅಂಗಡಿಯ ಹುಡುಗಿಯರನ್ನೂ ಅವರೇ ವ್ಯಾನಿನಲ್ಲಿ ಕಳಿಸಿದ್ದರು. ಸಾಸಿವೆ ಬಣ್ಣದ ಯೂನಿಫಾರ್ಮ್ ಸೀರೆ, ತಲೆಗೆ ಹೂ ಮಾತ್ರ ಇಲ್ಲ. ಬಾಡಿಗೆ ಕುರ್ಚಿಗಳು ಅರ್ಧಕ್ಕರ್ಧ ಖಾಲಿ ಇದ್ದವು. ಹುಡುಗಿಯರು ಕಾಂಪೌಂಡಿನ ಗೋಡೆಗೆ ಸಾಲಾಗಿ ನಿಂತಿದ್ದರು. ಎಲ್ಲರಿಗಿಂತ ಹಿರಿಯಳಾದ ಹೆಲನ್ ಕೂಡ ನಿಂತೇ ಇದ್ದಳು. ದಣಿಗಳು ಎದುರಿಗೆ ಇರುವಾಗ ಕುಳಿತುಕೊಳ್ಳುವುದು ಹೇಗೆ?

ತೃಪ್ತಿ ತಮ್ಮನನ್ನು ಬಾವಿಕಟ್ಟೆಯ ಕಡೆಗೆ ಕರೆದುಕೊಂಡು ಹೋದಳು. ಬಾವುಟ ಬೇಡ ಎಂದು ಹೇಳು, ಈಗಲೂ ಸಮಯ ಉಂಟು ಎಂದಳು.

“ಅಕ್ಕ, ಪಾರ್ಟಿಯವರು ಬಾರದ ಸಾವು ಒಂದು ಸಾವಾ? ಅಮ್ಮನಿಗೇ ಮರ್ಯಾದೆ ಅಲ್ವಾ?” ಎಂದ ಕೌಶಲ್. ಆಮೇಲೆ ಅವನೇ ಉಳಿದದ್ದನ್ನೂ ಹೇಳಿದ. ಕಾರ್ಪೊರೇಷನ್ ಚುನಾವಣೆಗೆ ಈ ವಾರ್ಡಿನಲ್ಲಿ ತನ್ನ ಹೆಸರು ನಡೆಯುತ್ತಿದೆ. ಮಹಾಬಲ ದಣಿಗಳೇ ನಿನ್ನೆ ಅದೇ ಲೀಡರ್ ಹತ್ತಿರ ಮಾತಾಡಿದ್ದಾರೆ, ಬಾವುಟದ ವಿಷಯ ಅವರದೇ ಸಲಹೆ. “ಸತ್ತವರಿಗೆ ಇನ್ನು ಎಂತ ಆಗ್ಲಿಕ್ಕುಂಟು ಅಕ್ಕ? ಇದ್ದವರಿಗಾದ್ರೂ ಒಂದು ದಾರಿ ಆಗ್ಲಿ.”

ಉರಿಯುವ ಮನೆಯಲ್ಲಿ ಗಳ ಹಿರಿಯುವವರನ್ನು ಅವಳು ಕಂಡಿದ್ದಳು. ಗಳ ಹಿರಿಯುವವನು ಒಡಹುಟ್ಟಿದವನೇ ಎಂದು ಗೊತ್ತಾದದ್ದು ಇವತ್ತು.

ಅಂಗಳಕ್ಕೆ ಮರಳಿ ಬಂದರೆ ಮಹಾಬಲರು ಫೋಟೋದವನನ್ನು ಹತ್ತಿರ ಕರೆದು ಮೆತ್ತಗೆ ಏನೋ ಹೇಳುತ್ತಿದ್ದರು. ಹಿಂದಿನ ಗೋಡೆಯಲ್ಲಿರುವ ಟ್ರಸ್ಟಿನ ಬೋರ್ಡು ಕೂಡ ಬರಬೇಕು, ಬಾವುಟದ ಜೊತೆಗೆ ಹೆಸರು ಓದುವ ಹಾಗೆ ಇರಬೇಕು ಎನ್ನುತ್ತಿದ್ದರು. ಆಗ ತೃಪ್ತಿಗೆ ಪೂರ್ತಿ ಅರ್ಥವಾಯಿತು. ಕೌಶಲ್‌ಗೆ ಚುನಾವಣೆಯ ಟಿಕೇಟೂ ಇಲ್ಲ, ಮಣ್ಣೂ ಇಲ್ಲ. ಅಮ್ಮ ಬದುಕಿದ್ದಾಗ ಹಾಕಿಸಿಕೊಳ್ಳದ ಶಾಲನ್ನು ಈಗ ಹೊದೆಸಿ, ಆ ಫೋಟೋವನ್ನು ಸೋಮವಾರ ಸಮಿತಿಯ ಮೇಜಿನ ಮೇಲೆ ಇಡುವುದು, ಅಷ್ಟೇ. ಕೌಶಲ್ ಎಂಬ ದಡ್ಡ ತನ್ನ ತಾಯಿಯನ್ನು ತಾನೇ ಹಿಡಿದುಕೊಟ್ಟಿದ್ದ.

ಅವಳು ಜೆರೋಮ್ ಅವರ ಬಳಿ ಹೋಗಿ, ಬಾವುಟ ಹಾಕಿದರೆ ಟ್ರಸ್ಟಿಗೆ ತೊಂದರೆಯಾ ಎಂದು ಕೇಳಿದಳು. ಅವರು ಮೂಲೆಯಲ್ಲಿ ತಲೆ ತಗ್ಗಿಸಿ ನಿಂತಿದ್ದರು. ಕಾನೂನಿನ ಪ್ರಕಾರ ಎಂತದೂ ಆಗುವುದಿಲ್ಲ, ಹೆಣದ ಮೇಲೆ ಯಾರೋ ಬಾವುಟ ಹಾಕಿದರೆ ಅದು ಟ್ರಸ್ಟಿನ ಕೆಲಸ ಅಲ್ಲ ಎಂದರು. “ಆದ್ರೆ ಸಮಿತಿಯಲ್ಲಿ ಕೂತವರು ಕಾನೂನು ನೋಡುವ ಮೊದಲು ಬಣ್ಣ ನೋಡ್ತಾರೆ. ಬೋರ್ಡು ತೆಗೆದ್ರೂ ಪ್ರಯೋಜನ ಇಲ್ಲ, ಚಂಪಕ್ಕ ಯಾರು ಅಂತ ಅವರಿಗೆ ಗೊತ್ತುಂಟು.”

ಆಗ ದುಗ್ಗಪ್ಪ ಬಂದರು. ಬೆವರಿ ಒದ್ದೆಯಾಗಿದ್ದರು, ಕಂಕುಳಲ್ಲಿ ಬಿಳಿ ಬಟ್ಟೆ. ತೃಪ್ತಿ ಓಡಿಹೋಗಿ ಕೈ ಹಿಡಿದು ಶವದ ಕಡೆಗೆ ಎಳೆದಳು. ಅವರು ತಂಗಿಯ ಮುಖ ನೋಡಿ ಬಿಕ್ಕಿದರು. ಬಟ್ಟೆಯ ಮಡಿಕೆ ಬಿಚ್ಚತೊಡಗಿದರು. ಅಷ್ಟರಲ್ಲಿ ಗೇಟಿನ ಹತ್ತಿರ ಕಾರು ನಿಂತ ಸದ್ದಾಯಿತು. ಲೀಡರ್ ಇಳಿದರು, ಹಿಂದೆ ನಾಲ್ಕಾರು ಜನ.

ದುಗ್ಗಪ್ಪ ಬಟ್ಟೆಯನ್ನು ಮತ್ತೆ ಮಡಚಿದರು.

“ಹಾಕಿ ಮಾಮ,” ಎಂದಳು ತೃಪ್ತಿ.

“ದೊಡ್ಡವರು ಬಂದಿದ್ದಾರೆ ಮಗಾ. ಮೊದ್ಲು ಅವರದ್ದು ಆಗ್ಲಿ,” ಎಂದರು ದುಗ್ಗಪ್ಪ. ಹಿಂದೆ ಸರಿದು, ಬಟ್ಟೆಯನ್ನು ಕಂಕುಳಲ್ಲಿ ಒತ್ತಿಕೊಂಡು, ಎರಡೂ ಕೈ ಮುಗಿದು ಸೊಂಟ ಬಗ್ಗಿಸಿದರು. ಲೀಡರ್ ಅವರ ಕಡೆ ನೋಡಲೂ ಇಲ್ಲ.

ತೃಪ್ತಿ ಅಡ್ಡ ನಿಂತಳು. ಅಮ್ಮ ಯಾವ ಪಾರ್ಟಿಯವಳೂ ಅಲ್ಲ, ನಿಮ್ಮ ಗೌರವ ನಮಗೆ ಬೇಕು, ಬಾವುಟ ಬೇಡ ಎಂದು ಆದಷ್ಟು ಮರ್ಯಾದೆಯಲ್ಲೇ ಹೇಳಿದಳು. ಲೀಡರ್ ತಲೆ ಆಡಿಸಿದರು, ಪಾಪ ಹುಡುಗಿಗೆ ದುಃಖ ಎಂದರು. ಕೌಶಲ್ ಅಕ್ಕನ ಭುಜ ಹಿಡಿದು ಬದಿಗೆ ಸರಿಸಿದ. ಮೆಲ್ಲಗೆ ಏನೂ ಅಲ್ಲ, ನೋವಾಗುವ ಹಾಗೇ ಹಿಡಿದ. ಬಾವುಟ ಬಿಡಿಸಿದರು, ಗಂಟಲಿನಿಂದ ಪಾದದವರೆಗೆ ಹೊದೆಸಿದರು, ಬದಿಗಳನ್ನು ಮೈಯ ಅಡಿಗೆ ತುರುಕಿದರು. ಫೋಟೋದವನು ಇನ್ನೊಮ್ಮೆ ಎಂದ. ಲೀಡರ್ ಇನ್ನೊಮ್ಮೆ ಬಗ್ಗಿದರು. ಆಮೇಲೆ ಚಂಪಕ್ಕ ನಮ್ಮ ಪಕ್ಷದ ತಾಯಿಬೇರು ಎಂದು ಭಾಷಣ ಮಾಡಿ, ಕೌಶಲ್‌ನ ಬೆನ್ನು ತಟ್ಟಿ, ಕಾರು ಹತ್ತಿದರು. ಥೂ, ಹೆಣಕ್ಕೆ ಮಾತು ಬಾರದು ಎಂಬುದು ಕೆಲವರಿಗೆ ಎಷ್ಟೊಂದು ಅನುಕೂಲ.

ಜೆರೋಮ್ ಜೇಬಿನಿಂದ ಫೋನು ತೆಗೆದು ನೋಡಿದರು. ತೃಪ್ತಿಯ ಕಡೆ ತಿರುಗಿ, ಬಂತು ಎಂದರು. ಶವ ಇನ್ನೂ ಅಂಗಳದಲ್ಲಿತ್ತು, ಫೋಟೋ ಆಗಲೇ ಊರಿನ ಗ್ರೂಪುಗಳಲ್ಲಿ ತಿರುಗುತ್ತಿತ್ತು.

ಅಲ್ಲಿಗೆ ಮುಗಿಯಿತು ಎಂದು ತೃಪ್ತಿ ಅಮ್ಮನ ಪಕ್ಕ ನೆಲದಲ್ಲಿ ಕುಳಿತಳು. ಅಷ್ಟರಲ್ಲಿ ಲೀಡರ್ ಜೊತೆ ಬಂದಿದ್ದವರಲ್ಲಿ ಒಬ್ಬ ಗೇಟಿನಿಂದ ಒಳಗೆ ಓಡಿ ಬಂದ.

“ಅಕ್ಕ, ಬೇಸರ ಮಾಡ್ಬೇಡಿ. ದೊಡ್ಡ ಫ್ಲ್ಯಾಗ್ ಒಂದೇ ಇರುವುದು. ಬಿಜೈಯಲ್ಲಿ ಇನ್ನೊಂದು ಸಾವು ಉಂಟು.”

ಯಾರೂ ಉತ್ತರ ಕೊಡುವ ಮೊದಲೇ ಅವನು ಕಾಲಿನ ಕಡೆಯಿಂದ ಬಾವುಟ ಹಿಡಿದು ಎಳೆದ. ಅಡಿಗೆ ತುರುಕಿದ್ದರಿಂದ ಅದು ಬರಲಿಲ್ಲ. ಇನ್ನೂ ಜೋರಾಗಿ ಎಳೆದ. ಬಾವುಟ ಬಂತು, ಜೊತೆಗೆ ನೆಂಟರ ಬಿಳಿ ಬಟ್ಟೆಗಳು, ಸ್ನಾನ ಮಾಡಿಸಿ ಸುಮ್ಮನೆ ಮೇಲಿನಿಂದ ಸುತ್ತಿದ್ದ ಸೀರೆ, ಎಲ್ಲ ಸರಿದು ಬಂದವು. ಅವನು ಬಾವುಟವನ್ನು ಕೊಡವಿ, ಮಡಚಿ, ಕಂಕುಳಲ್ಲಿ ಇಟ್ಟುಕೊಂಡು ಓಡಿದ.

ಚಂಪಾಳ ಕಾಲುಗಳು ಮೊಣಕಾಲಿನವರೆಗೆ ಬಯಲಾದವು. ನೀಲಿ ನರಗಳು ಮಳೆಗಾಲದ ಎರೆಹುಳಗಳ ಹಾಗೆ ಒಂದರ ಮೇಲೊಂದು ಸುತ್ತಿಕೊಂಡಿದ್ದವು. ಮೊಣಕಾಲ ಕೆಳಗಿನ ಚರ್ಮ ಸುಟ್ಟ ಹಾಗೆ ಕಪ್ಪಾಗಿತ್ತು. ಎಡಪಾದದ ಗಂಟಿನ ಬಳಿ, ಪಟ್ಟಿ ಬಿಚ್ಚಿದ ಜಾಗದಲ್ಲಿ, ಅಂಗೈಯಗಲ ಹುಣ್ಣು. ಗೋಡೆಗೆ ಒರಗಿದ್ದ ಹುಡುಗಿಯರು ಆ ಕಾಲುಗಳನ್ನು ನೋಡಿದರು. ಮಹಾಬಲರು ಎಲ್ಲರಿಗಿಂತ ಹತ್ತಿರ ಇದ್ದರು. ಅವರು ಫೋನು ತೆಗೆದು ಅದನ್ನು ನೋಡತೊಡಗಿದರು.

ದುಗ್ಗಪ್ಪನವರಿಗೆ ಈಗ ತವರಿನ ನೆನಪಾಯಿತು. ಗಡಿಬಿಡಿಯಲ್ಲಿ ಬಟ್ಟೆ ಬಿಡಿಸಿಕೊಂಡು ಮುಂದೆ ಬಂದರು.

“ನಿಲ್ಲಿ ಮಾಮ,” ಎಂದಳು ತೃಪ್ತಿ. ಅವಳು ಎದ್ದು ನಿಂತಿದ್ದಳು. “ಜೆರೋಮ್ ಸರ್, ಸಮಿತಿಗೆ ಇದರ ಫೋಟೋ ಕೊಡ್ಬಹುದಾ?”

ಜೆರೋಮ್ ಮೂಲೆಯಿಂದ ಹತ್ತಿರ ಬಂದರು. “ಮನೆಯವರು ಒಪ್ಪಿದ್ರೆ ಕೊಡ್ಬಹುದು.”

“ನಾನು ಒಪ್ಪಿದ್ದೇನೆ. ತೆಗೀರಿ.”

ನಿನಗೆ ಹುಚ್ಚಾ, ಅಮ್ಮನ ಮಾನ ಎಂದು ಕೌಶಲ್ ಬಟ್ಟೆ ಎಳೆಯಲು ಬಂದ. ಅವಳು ಅವನ ಕೈ ತಡೆದಳು. ಅಮ್ಮನ ಮಾನ ಈಗ ನೆನಪಾಯಿತಾ ಎಂದು ಅಷ್ಟು ಜನರ ಎದುರು ಕೇಳಿದಳು. ಅವನು ಬಾವಿಕಟ್ಟೆಯ ಕಡೆಗೆ ಹೋದ. ಮಹಾಬಲರು ಫೋನಿನಿಂದ ತಲೆ ಎತ್ತದೆಯೇ, ಒಬ್ಬಳ ಕಾಲು ತೋರಿಸಿದರೆ ಎಂತ ಆಗುತ್ತದೆ, ಅವಳಿಗೆ ಸಕ್ಕರೆ ಕಾಯಿಲೆ ಇತ್ತೋ ಏನೋ ಎಂದು ಗಾಳಿಗೆ ಹೇಳಿದ ಹಾಗೆ ಹೇಳಿದರು.

ಆ ಮಾತು ಗೋಡೆಯವರೆಗೆ ಕೇಳಿಸಿತು. ಹೆಲನ್ ಗೋಡೆ ಬಿಟ್ಟು ಬಂದಳು. ನಡೆದದ್ದು ನಿಧಾನ, ಒಂದು ಕಾಲು ಎಳೆಯುತ್ತಿತ್ತು. ಚಂಪಾಳ ಪಕ್ಕದಲ್ಲಿ, ಮಣ್ಣಿನ ನೆಲದ ಮೇಲೆ, ದಣಿಗಳ ಎದುರಿಗೆ ಕುಳಿತಳು. ಕಾಲು ಚಾಚಿದಳು. ಸಾಸಿವೆ ಬಣ್ಣದ ಸೀರೆಯನ್ನು ಮೊಣಕಾಲಿಗೆ ಎತ್ತಿದಳು. “ನಂದೂ ತೆಗೀರಿ ಸರ್. ನಂಗೆ ಸಕ್ಕರೆ ಕಾಯಿಲೆ ಇಲ್ಲ.”

ಅವಳ ನಂತರ ಮುಫೀದಾ ಬಂದು ಕುಳಿತಳು. ಅಂಗಡಿಗೆ ಸೇರಿ ಹೆಚ್ಚು ಕಾಲವಾಗದ ಹುಡುಗಿ. ಅವಳ ಮೊಣಕಾಲ ಕೆಳಗೂ ನೀಲಿ ಗೆರೆಗಳು ಏಳತೊಡಗಿದ್ದವು. ಆಮೇಲೆ ಇನ್ನೊಬ್ಬಳು. ಆಮೇಲೆ ಗೋಡೆಯ ಹತ್ತಿರ ಯಾರೂ ಉಳಿಯಲಿಲ್ಲ. ಬಾಳೆಲೆಯ ಎರಡೂ ಬದಿಯಲ್ಲಿ ಸಾಲಾಗಿ ಕುಳಿತು, ಸತ್ತವಳ ಕಾಲಿನ ಜೊತೆಗೆ ತಮ್ಮ ಕಾಲುಗಳನ್ನು ಚಾಚಿದರು. ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಜೆರೋಮ್ ಫೋನು ಎತ್ತಿ ಹಿಡಿದರು. ಅಷ್ಟೂ ಕಾಲುಗಳು ಒಂದೇ ಚಿತ್ರದೊಳಗೆ ಹಿಡಿಸಲಿಲ್ಲ. ಒಂದು ಹೆಜ್ಜೆ ಹಿಂದೆ ಹೋದರು, ಸಾಲಲಿಲ್ಲ. ಇನ್ನೊಂದು ಹೆಜ್ಜೆ ಹೋದರು. ಬೆನ್ನ ಹಿಂದೆ ಮಹಾಬಲರ ಮೊಣಕಾಲು ತಾಗಿತು. ಜೆರೋಮ್ ತಿರುಗಿ ನೋಡಲಿಲ್ಲ, ಸ್ವಲ್ಪ ಏಳಿ ಎಂದರು ಅಷ್ಟೇ. ಮಹಾಬಲರು ಎದ್ದರು. ಯಾರೋ ಆ ಕುರ್ಚಿಯನ್ನು ಎತ್ತಿ ದೂರ ಇಟ್ಟರು. ದಣಿಗಳು ಎರಡೂ ಕೈಗಳನ್ನು ಎಲ್ಲಿ ಇಡಬೇಕೆಂದು ತಿಳಿಯದೆ, ಕುಳಿತಿದ್ದ ಹುಡುಗಿಯರ ಎದುರು, ಫೋಟೋ ಮುಗಿಯುವವರೆಗೆ ನಿಂತುಕೊಂಡಿದ್ದರು.